ದೊಡ್ಡ ಮಂಗಟ್ಟೆ

ದೊಡ್ಡ ಮಂಗಟ್ಟೆಯು ದಕ್ಷಿಣ ಮತ್ತು ಆಗ್ನೇಯ ಏಷ್ಯದ ಮಲೆಗಾಡುಗಳಲ್ಲಿ ವಾಸಿಸುವ, ಪ್ರಧಾನವಾಗಿ ಹಣ್ಣುಗಳನ್ನೇ ತಿಂದು ಬಾಳುವ, ಕೆಳಕ್ಕೆ ಬಾಗಿದ ಭಾರಿ ಕೊಕ್ಕೂ ಅದರ ಮೇಲೊಂದು ಟೊಳ್ಳಾದ ಹಳದಿ ಶಿರಸ್ತ್ರಾಣವೂ ಉಳ್ಳ ಮಹಾಗಾತ್ರದ ಪಕ್ಷಿ. ಇದರ ಶಾಸ್ತ್ರೀಯ ನಾಮ ಬ್ಯೂಸೆರೋಸ್ ಬೈಕಾರ್ನಿಸ್, ಕುಟುಂಬ ಬ್ಯೂಸೆರಾಟಿಡೀ. ಮರದ ಪೊಟರೆಯೊಳಗೆ ಹೆಣ್ಣು ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುವ ರೀತಿಯಿಂದಲೂ, ದೊಡ್ಡ ಬೀಜದ ಕಾಡುಮರಗಳ ವಂಶವನ್ನು ದೂರದೂರಕ್ಕೆ ಹರಡುವ ಕಾರ್ಯದಿಂದಲೂ ಈ ಪಕ್ಷಿ ಪ್ರಸಿದ್ಧವಾಗಿದೆ.

ಹೆಸರು ಮತ್ತು ವರ್ಗೀಕರಣ

ಕನ್ನಡದಲ್ಲಿ ‘ಮಂಗಟ್ಟೆ’ ಎಂಬುದು ಈ ಕುಟುಂಬದ ಎಲ್ಲ ಹಕ್ಕಿಗಳಿಗೂ ಸಲ್ಲುವ ಸಾಮಾನ್ಯ ನಾಮ. ಅವುಗಳಲ್ಲಿ ಅತಿ ದೊಡ್ಡದನ್ನು ದೊಡ್ಡ ಮಂಗಟ್ಟೆಯೆಂದೂ ದಾಸ ಮಂಗಟ್ಟೆಯೆಂದೂ ಕರೆಯುವುದುಂಟು. ಈ ಲೇಖನದಲ್ಲಿ ಮೊದಲಿನ ಹೆಸರನ್ನೇ ಉಪಯೋಗಿಸಲಾಗಿದೆ. ಮಲಯಾಳದಲ್ಲಿ ಇದು ವೇಳಾಂಬಲ್, ಹಿಂದಿಯಲ್ಲಿ ಧನೇಶ್, ತಮಿಳಿನಲ್ಲಿ ಇರುವಾಚ್ಚಿ, ಎಂದರೆ ಎರಡು ಬಾಯುಳ್ಳದ್ದೆಂದು ಅರ್ಥ ಹೇಳುವರು. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕನ್ನು ಇರಿಸಿದಂತೆ ತೋರುವ ಹಕ್ಕಿಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಸ್ವೀಡನ್ನಿನ ಲಿನೀಯಸ್ ಪಂಡಿತನು 1758ರಲ್ಲಿ ಈ ಪಕ್ಷಿಗೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ‘ಬ್ಯೂಸೆರೋಸ್’ ಎಂಬುದು ದನದ ಕೊಂಬನ್ನು ಸೂಚಿಸುವ ಗ್ರೀಕ್ ಮೂಲದ ಪದ. ‘ಬೈಕಾರ್ನಿಸ್’ ಎಂಬ ಲ್ಯಾಟಿನ್ ಪದಕ್ಕೆ ಎರಡು ಕೊಂಬುಳ್ಳದ್ದೆಂದು ಅರ್ಥ. ಹಕ್ಕಿಗೆ ನಿಜವಾಗಿ ಕೊಂಬುಗಳಿಲ್ಲ. ಶಿರಸ್ತ್ರಾಣದ ಮುಂಭಾಗವು ಇಬ್ಬದಿಗಳಲ್ಲಿ ಏರಾಗಿ ಎರಡು ಮೊನೆಗಳಂತೆ ಕಾಣುವುದರಿಂದ ಈ ವಿಶೇಷಣ ಬಂದಿದೆ. ಹಿಮಾಲಯದ ಹಕ್ಕಿಗಳು ಪಶ್ಚಿಮಘಟ್ಟದವಕ್ಕಿಂತ ತುಸು ದೊಡ್ಡವೆಂದು ಕಂಡು ಹತ್ತೊಂಬತ್ತನೆಯ ಶತಮಾನದಲ್ಲಿ ನೇಪಾಳದಲ್ಲಿದ್ದ ಪಕ್ಷಿಶಾಸ್ತ್ರಜ್ಞ ಹಾಡ್ಜ್‌ಸನ್ನನು ಅವಕ್ಕೆ ‘ಹೋಮ್ರಾಯ್’ ಎಂಬ ಪ್ರತ್ಯೇಕ ನಾಮವನ್ನಿತ್ತಿದ್ದನು. ಇಂದಿನ ವರ್ಗೀಕರಣದಲ್ಲಿ ಇವೆರಡನ್ನೂ ಒಂದೇ ಪ್ರಭೇದವೆಂದು ಪರಿಗಣಿಸುವರು.

ದಕ್ಷಿಣ ಅಮೆರಿಕದ ಟೂಕನ್ ಎಂಬ ಹಕ್ಕಿಗೂ ಮಂಗಟ್ಟೆಗೂ ಹೋಲಿಕೆಯಿದೆಯಾದರೂ ಸಂಬಂಧವಿಲ್ಲ. ಹಣ್ಣನ್ನು ಕೊಂಬೆಯ ತುದಿಯಿಂದ ಕೀಳಬೇಕಾದ ಒಂದೇ ಬಗೆಯ ಜೀವನವು ಎರಡು ಬೇರೆ ಭೂಖಂಡಗಳಲ್ಲಿ ಒಂದೇ ಬಗೆಯ ಕೊಕ್ಕನ್ನು ರೂಪಿಸಿದೆ. ಮಂಗಟ್ಟೆಗೆ ನಿಜವಾದ ನಂಟು ನಮ್ಮ ಬಯಲುಗಳ ಚಂದ್ರಮುಕುಟದೊಡನೆ. ಪೊಟರೆಯಲ್ಲಿ ಕಾವು ಕೂತ ಹೆಣ್ಣಿಗೆ ಗಂಡು ಆಹಾರವನ್ನು ತಂದುಕೊಡುವ ಪದ್ಧತಿ ಆ ಸಣ್ಣ ಹಕ್ಕಿಯಲ್ಲಿಯೂ ಉಂಟು. ಮಂಗಟ್ಟೆಯ ಬಳಗದ ಪ್ರಾಚೀನ ಅವಶೇಷಗಳು ಮೊರಾಕೊ ದೇಶದ ಮಧ್ಯ ಮಯೋಸೀನ್ ಯುಗದ ಸ್ತರಗಳಲ್ಲಿ ದೊರೆತಿವೆ.

ಶರೀರರಚನೆ

ಬೆಳೆದ ಹಕ್ಕಿಯ ಉದ್ದ 95ರಿಂದ 120 ಸೆಂಟಿಮೀಟರು. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು ಒಂದೂವರೆ ಮೀಟರು. ತೂಕ ಎರಡರಿಂದ ನಾಲ್ಕು ಕಿಲೋಗ್ರಾಂ. ಏಷ್ಯದ ಮಂಗಟ್ಟೆಗಳಲ್ಲಿ ಇದೇ ಅತ್ಯಂತ ಭಾರವಾದದ್ದು. ಮೈ ಮತ್ತು ರೆಕ್ಕೆ ಕಪ್ಪು; ರೆಕ್ಕೆಯ ನಡುವೆ ಅಗಲವಾದ ಬಿಳಿಯ ಪಟ್ಟಿ ಮತ್ತು ಅಂಚಿನಲ್ಲಿ ಬಿಳಿ; ಕೊರಳು ಮತ್ತು ಕೆಳಹೊಟ್ಟೆ ಬಿಳಿ; ಬಿಳಿಯ ಬಾಲಕ್ಕೆ ತುದಿಗೆ ಸ್ವಲ್ಪ ಮೇಲೆ ಒಂದು ಕರಿಯ ಅಡ್ಡಪಟ್ಟೆ; ಮುಖ ಕಪ್ಪು. ಬಿಳಿಯ ಭಾಗಗಳು, ಅದರಲ್ಲಿಯೂ ಕೊರಳು ಮತ್ತು ರೆಕ್ಕೆಯ ಪಟ್ಟಿ, ಅನೇಕ ವೇಳೆ ಅರಿಸಿನ ಸವರಿದಂತೆ ಕಾಣುತ್ತವೆ. ಈ ಹಳದಿ ಗರಿಯ ಸಹಜವಾದ ಬಣ್ಣವಲ್ಲ. ಬಾಲದ ಬುಡದಲ್ಲಿರುವ ತೈಲಗ್ರಂಥಿಯಿಂದ ಒಸರುವ ಹಳದಿಯ ಎಣ್ಣೆಯನ್ನು ಹಕ್ಕಿಯು ಕೊಕ್ಕಿನಿಂದ ತೆಗೆದು ಗರಿಗಳಿಗೆ ತೀಡಿಕೊಳ್ಳುವುದರಿಂದ ಅದು ಉಂಟಾಗುವುದು. ಕೊಕ್ಕಿನ ಮತ್ತು ಶಿರಸ್ತ್ರಾಣದ ಹೊಂಬಣ್ಣಕ್ಕೂ ಈ ಲೇಪವೇ ಬಹುಮಟ್ಟಿಗೆ ಕಾರಣ.

ಶಿರಸ್ತ್ರಾಣವು ನೋಡಲು ಭಾರವಾದರೂ ಒಳಗೆ ಟೊಳ್ಳು. ಮರಿಯಲ್ಲಿ ಇದು ಇರುವುದಿಲ್ಲ. ಪೂರ್ಣವಾಗಿ ಬೆಳೆಯಲು ಕೆಲವು ವರ್ಷಗಳು ಹಿಡಿಯುತ್ತವೆ. ಇದರ ಪ್ರಯೋಜನದ ವಿಷಯದಲ್ಲಿ ಊಹೆಗಳು ಹಲವು. ಕೂಗನ್ನು ಮೊಳಗಿಸುವುದಕ್ಕೆಂದು ಕೆಲವರೂ, ವಯಸ್ಸನ್ನೂ ಲಿಂಗವನ್ನೂ ದೂರದಿಂದಲೇ ತಿಳಿಸುವುದಕ್ಕೆಂದು ಕೆಲವರೂ ಹೇಳುವರು. ಗಂಡುಗಳು ಹಾರುತ್ತಲೇ ಎದುರುಬದುರಾಗಿ ಬಂದು ಶಿರಸ್ತ್ರಾಣದಿಂದ ಶಿರಸ್ತ್ರಾಣಕ್ಕೆ ಡಿಕ್ಕಿ ಕೊಡುವುದನ್ನು ಮಾತ್ರ ಪಕ್ಷಿಶಾಸ್ತ್ರಜ್ಞರು ಕಣ್ಣಾರೆ ಕಂಡು ದಾಖಲಿಸಿದ್ದಾರೆ.

ಗಂಡುಹೆಣ್ಣುಗಳನ್ನು ಗುರುತಿಸುವುದು ಕಷ್ಟವಲ್ಲ. ಗಂಡಿನ ಕಣ್ಣಿನ ಪಾಪೆಯ ಸುತ್ತಣ ಭಾಗ ರಕ್ತವರ್ಣ, ಹೆಣ್ಣಿನದು ನೀಲಿ ಬೆರೆತ ಬಿಳಿ. ಗಂಡಿನ ಶಿರಸ್ತ್ರಾಣದ ಹಿಂದುಮುಂದುಗಳಲ್ಲಿ ಕಪ್ಪು ಗುರುತುಗಳಿವೆ, ಹೆಣ್ಣಿನಲ್ಲಿ ಹಿಂಭಾಗ ಕೆಂಪಗಿರುವುದು. ಗಂಡು ಗಾತ್ರದಲ್ಲಿ ತುಸು ದೊಡ್ಡದು. ಎರಡರ ಕಣ್ಣಿಗೂ ಉದ್ದನೆಯ ರೆಪ್ಪೆಗೂದಲಿನಂಥ ಗರಿಗಳುಂಟು.

ಇಷ್ಟು ದೊಡ್ಡ ಕೊಕ್ಕನ್ನು ಹೊರಬೇಕಾದುದರಿಂದ ಕುತ್ತಿಗೆಯ ಮೊದಲೆರಡು ಕಶೇರುಗಳು ಒಂದಾಗಿ ಬೆಸೆದುಕೊಂಡಿವೆ. ಈ ಲಕ್ಷಣವು ಪಕ್ಷಿಗಳಲ್ಲಿ ಮಂಗಟ್ಟೆಯ ಬಳಗಕ್ಕೆ ಮಾತ್ರ ವಿಶಿಷ್ಟವಾದುದು. ನಾಲಗೆ ಗಿಡ್ಡ. ಕೊಕ್ಕಿನ ತುದಿಯಲ್ಲಿ ಹಿಡಿದ ಹಣ್ಣನ್ನು ಅದು ಗಂಟಲಿಗೆ ತಳ್ಳಲಾರದಾದುದರಿಂದ ಹಕ್ಕಿಯು ತಲೆಯನ್ನು ಹಿಂದಕ್ಕೆ ಚಿಮ್ಮಿ ಹಣ್ಣನ್ನು ಗಾಳಿಯಲ್ಲಿ ತೂರಿ ನುಂಗುತ್ತದೆ. ರೆಕ್ಕೆಯ ಅಡಿಯಲ್ಲಿ ದೊಡ್ಡ ಗರಿಗಳ ಬುಡವನ್ನು ಮುಚ್ಚುವ ಸಣ್ಣ ಹೊದಿಕೆಗರಿಗಳು ಈ ಕುಟುಂಬದಲ್ಲಿ ಇಲ್ಲ. ಆದಕಾರಣ ಪ್ರತಿ ಬಡಿತಕ್ಕೂ ಗಾಳಿಯು ಗರಿಗಳ ಸಂದಿನಿಂದ ನುಗ್ಗಿ ‘ಭುಸ್ ಭುಸ್’ ಎಂದು ಸದ್ದು ಮಾಡುವುದು. ಉಗಿಬಂಡಿ ಹೊರಡುವಾಗಿನ ಸದ್ದಿಗೆ ಇದನ್ನು ಹೋಲಿಸುವುದು ವಾಡಿಕೆ. ಕಾಡಿನಲ್ಲಿ ಹಕ್ಕಿ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅದರ ರೆಕ್ಕೆ ಕಿವಿಗೆ ಬೀಳುತ್ತದೆ.

ವ್ಯಾಪ್ತಿ ಮತ್ತು ನೆಲೆ

ದೊಡ್ಡ ಮಂಗಟ್ಟೆಯ ನಾಡು ಎರಡು ತುಂಡಾಗಿದೆ. ಒಂದು, ಮಹಾರಾಷ್ಟ್ರದಿಂದ ಕೇರಳ ತಮಿಳುನಾಡುಗಳವರೆಗಿನ ಪಶ್ಚಿಮಘಟ್ಟ. ಇನ್ನೊಂದು, ಕುಮಾವೂನಿನಿಂದ ಪೂರ್ವಕ್ಕೆ ಹಿಮಾಲಯದ ತಪ್ಪಲನ್ನು ಹಿಡಿದು ಅಸ್ಸಾಂ, ಅರುಣಾಚಲಗಳ ಮೂಲಕ ಬರ್ಮಾ, ದಕ್ಷಿಣ ಚೀಣದ ಯುನ್ನಾನ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ವಿಯೆಟ್ನಾಂ, ಮಲಯ ಪರ್ಯಾಯದ್ವೀಪಗಳನ್ನು ಹಾದು ಸುಮಾತ್ರದವರೆಗೆ ಹಬ್ಬಿದ ಪ್ರದೇಶ. ಸಿಂಹಳದಲ್ಲಿ ಇದು ಇಲ್ಲ. ಕರ್ನಾಟಕದಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳ ಘಟ್ಟದ ಕಾಡುಗಳಲ್ಲಿ ಕಾಣಬರುವುದು.

ನಿತ್ಯಹರಿದ್ವರ್ಣದ ಕಾಡು ಹಾಗೂ ತೇವಭರಿತ ಎಲೆಯುದುರುವ ಕಾಡು ಇದರ ನೆಲೆ. ತಪ್ಪಲಿನಿಂದ ಮೊದಲ್ಗೊಂಡು ಸುಮಾರು 1500 ಮೀಟರುಗಳ ಎತ್ತರದವರೆಗೆ ಸಾಮಾನ್ಯವಾಗಿಯೂ, 2000 ಮೀಟರುಗಳವರೆಗೆ ವಿರಳವಾಗಿಯೂ ಇದು ಸಂಚರಿಸುವುದು. ಕಾಡಿನ ಹೆಸರಿಗಿಂತ ಕಾಡಿನ ವಯಸ್ಸು ಇದಕ್ಕೆ ಮುಖ್ಯ: ಹಣ್ಣು ಬಿಡುವ ಹಲವು ಜಾತಿಯ ಮರಗಳು ಒತ್ತಾಗಿರಬೇಕು, ಪೊಟರೆ ಬೀಳುವಷ್ಟು ಮುದಿಯಾದ ಹೆಮ್ಮರಗಳೂ ಅವುಗಳ ನಡುವೆ ಇರಬೇಕು. ಗೂಡಿನ ಕಾಲವಲ್ಲದಾಗ ಹಕ್ಕಿಗಳು ಸಂಜೆಗೆ ಗುಂಪುಗೂಡಿ, ಅನೇಕ ವೇಳೆ ಹೊಳೆಯ ದಂಡೆಯ ಎತ್ತರವಾದ ಮರಗಳಲ್ಲಿ, ರಾತ್ರಿಯನ್ನು ಕಳೆಯುತ್ತವೆ.

ಆಹಾರ

ಆಲ, ಅತ್ತಿ, ಬಸರಿ, ಗೋಳಿ ಮೊದಲಾದ ಫೈಕಸ್ ಜಾತಿಯ ಮರಗಳ ಹಣ್ಣು ದೊಡ್ಡ ಮಂಗಟ್ಟೆಯ ಆಹಾರದ ಬಹುಭಾಗ. ಈ ಮರಗಳೆಲ್ಲ ಒಂದೇ ಋತುವಿಗೆ ಕಟ್ಟುಬಿದ್ದು ಫಲಿಸುವುದಿಲ್ಲ. ಒಂದರ ಫಸಲು ತೀರುವ ವೇಳೆಗೆ ಇನ್ನೊಂದು ಹಣ್ಣಾಗುವುದರಿಂದ ವರ್ಷದ ಯಾವ ತಿಂಗಳಿನಲ್ಲಿಯೂ ಕಾಡಿನ ಒಂದಲ್ಲ ಒಂದು ಮೂಲೆಯಲ್ಲಿ ಉಣಿಸು ಸಿದ್ಧವಾಗಿರುತ್ತದೆ. ಇವುಗಳ ಜೊತೆಗೆ ಕೊಬ್ಬಿನಂಶ ಹೆಚ್ಚಾಗಿರುವ ಹಣ್ಣುಗಳು, ಎಂದರೆ ರಾಮಪತ್ರೆಯೂ ಅದರ ಬಂಧುಗಳೂ ಸೇರಿದ ಜಾಯಿಕಾಯಿ ಕುಟುಂಬದ, ದಾಲ್ಚಿನ್ನಿ ಕುಟುಂಬದ, ಬೇವಿನ ಕುಟುಂಬದ, ಧೂಪದ ಮರದ ಕುಟುಂಬದ ಕಾಡುಮರಗಳ ಹಣ್ಣುಗಳು, ಮರಿ ಬೆಳೆಯುವ ಕಾಲದಲ್ಲಿ ವಿಶೇಷವಾಗಿ ಬೇಕಾಗುತ್ತವೆ. ಹಕ್ಕಿಗೆ ಬೇಕಾದ ನೀರು ಬಹಳಮಟ್ಟಿಗೆ ಹಣ್ಣಿನಿಂದಲೇ ಒದಗುವುದು.

ಹೀಗಿದ್ದರೂ ಇದು ಶುದ್ಧ ಫಲಾಹಾರಿಯಲ್ಲ. ಹಲ್ಲಿ, ಓತಿಕ್ಯಾತ, ಹಾವು, ಏಡಿ, ದೊಡ್ಡ ಕೀಟಗಳು, ಸಣ್ಣ ಸಸ್ತನಿಗಳು, ಇತರ ಹಕ್ಕಿಗಳ ಮರಿಗಳು—ಸಿಕ್ಕಿದುದನ್ನು ಹಿಡಿದು ಕೊಕ್ಕಿನಲ್ಲಿ ಜಜ್ಜಿ ನುಂಗುವುದು.

ಬೀಜಪ್ರಸಾರ

ಕಾಡಿನ ದೃಷ್ಟಿಯಿಂದ ಮಂಗಟ್ಟೆಯ ಮಹತ್ತ್ವವಿರುವುದು ಅದು ತಿನ್ನುವುದರಲ್ಲಿ ಅಲ್ಲ, ತಿಂದು ಉಗುಳುವುದರಲ್ಲಿ. ಅತ್ತಿಯ ಜಾತಿಯ ಸಣ್ಣ ಬೀಜಗಳು ಹೊಟ್ಟೆಯ ಮೂಲಕ ಹಾದು ಹಿಕ್ಕೆಯಲ್ಲಿ ಬೀಳುತ್ತವೆ. ರಾಮಪತ್ರೆಯಂಥ ದೊಡ್ಡ ಬೀಜಗಳ ಮೇಲಣ ತಿರುಳು ಕರಗಿದ ಮೇಲೆ ಬೀಜ ಮಾತ್ರ ಹಾನಿಯಿಲ್ಲದೆ ಬಾಯಿಂದ ಹೊರಬರುವುದು. ಈ ಅವಧಿಯಲ್ಲಿ ಹಕ್ಕಿ ತಾಯಿಮರದಿಂದ ಬಹುದೂರ ಹಾರಿಹೋಗಿರುತ್ತದೆ. ತಾಯಿಮರದ ನೆರಳಿನಲ್ಲಿಯೇ ಉದುರಿದ ಬೀಜಗಳು ಹುಳುವಿಗೂ ಇಲಿಗೂ ತುತ್ತಾಗುವುದೇ ಹೆಚ್ಚಾದುದರಿಂದ, ಹೀಗೆ ದೂರಕ್ಕೆ ಒಯ್ಯಲ್ಪಟ್ಟ ಬೀಜಕ್ಕೆ ಮೊಳೆತು ಬೆಳೆಯುವ ಅವಕಾಶ ಅಧಿಕ.

ಸಣ್ಣ ಹಣ್ಣುಗಳನ್ನು ಪಿಕಳಾರ, ಕುಟ್ರು, ಹಸುರು ಪಾರಿವಾಳ ಮುಂತಾದ ಅನೇಕ ಹಕ್ಕಿಗಳು ಹರಡಬಲ್ಲವು. ಆದರೆ ಹೆಬ್ಬೆರಳ ಗಾತ್ರದ ಬೀಜವುಳ್ಳ ಹಣ್ಣನ್ನು ಇಡಿಯಾಗಿ ನುಂಗಬಲ್ಲಷ್ಟು ಅಗಲವಾದ ಬಾಯಿ ಮಂಗಟ್ಟೆಗಳನ್ನೂ ಕಾಡಿನ ದೊಡ್ಡ ಪಾರಿವಾಳಗಳನ್ನೂ ಬಿಟ್ಟರೆ ಇತರ ಹಕ್ಕಿಗಳಿಗೆ ಇಲ್ಲವೆನ್ನಬಹುದು. ಮಂಗಟ್ಟೆಯನ್ನು ಕಳೆದುಕೊಂಡ ಕಾಡಿನಲ್ಲಿ ಇಂಥ ಮರಗಳು ಕೂಡಲೇ ಸಾಯುವುದಿಲ್ಲ. ಮುದಿಮರಗಳು ನಿಂತೇ ಇರುತ್ತವೆ, ಹಣ್ಣನ್ನೂ ಬಿಡುತ್ತವೆ, ಅವುಗಳ ಸಸಿಗಳು ಮಾತ್ರ ದೂರದಲ್ಲಿ ಏಳುವುದಿಲ್ಲ. ಈ ನಷ್ಟವು ಬಹಳ ಕಾಲ ಕಣ್ಣಿಗೆ ಬೀಳದಿರುವುದೇ ಅದರ ಅಪಾಯ. ಎಲ್ಲ ಬೀಜಗಳೂ ಸಮನಾಗಿ ಹಂಚಿಕೆಯಾಗುವುದೆಂದೂ ತಿಳಿಯಬಾರದು: ಗೂಡಿನ ಮರದ ಕೆಳಗೂ ರಾತ್ರಿ ತಂಗುವ ಮರಗಳ ಕೆಳಗೂ ರಾಶಿರಾಶಿಯಾಗಿ ಬಿದ್ದ ಬೀಜಗಳಿಂದ ಸಸಿಗಳು ಒತ್ತೊತ್ತಾಗಿ ಎದ್ದು ತಮ್ಮತಮ್ಮಲ್ಲೇ ಪೈಪೋಟಿ ನಡೆಸುತ್ತವೆ.

ಸಂತಾನಾಭಿವೃದ್ಧಿ

ಗಂಡುಹೆಣ್ಣುಗಳು ಜೋಡಿಯಾಗಿ ಬಾಳುತ್ತವೆ. ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ಇವುಗಳ ಕೂಗಾಟ ಹೆಚ್ಚುವುದು: ಗಂಡು ಘೊಗ್ಗರವಾಗಿ ಆರಂಭಿಸಿದುದನ್ನು ಹೆಣ್ಣು ಸೇರಿಕೊಂಡು, ಎರಡರ ದನಿಯೂ ಏರಿ, ಕಣಿವೆಯೆಲ್ಲ ಮೊರೆಯುವಂಥ ಜೋಡಿಗೂಗಾಗುತ್ತದೆ. ಮರಕುಟಿಕದಂತೆ ಮರವನ್ನು ಕೊರೆಯುವ ಶಕ್ತಿ ಮಂಗಟ್ಟೆಗೆ ಇಲ್ಲ. ಕೊಂಬೆ ಮುರಿದು ಕೊಳೆತ ಜಾಗದಲ್ಲಿಯೋ ಬೇರೊಂದು ಜೀವಿ ಮೊದಲು ಮಾಡಿದ ತೂತು ಕಾಲಕ್ರಮದಲ್ಲಿ ಹಿಗ್ಗಿದ ಜಾಗದಲ್ಲಿಯೋ ಸ್ವಾಭಾವಿಕವಾಗಿ ಉಂಟಾದ ಪೊಟರೆಯೇ ಅದಕ್ಕೆ ಗತಿ. ಮೂರುನಾಲ್ಕಡಿ ಉದ್ದದ ಹಕ್ಕಿ ಮರಿಯೊಡನೆ ಇರಬಲ್ಲ ಪೊಟರೆ ಬೀಳಬೇಕಾದರೆ ಮರಕ್ಕೆ ಅದೆಷ್ಟು ವಯಸ್ಸಾಗಿರಬೇಕೆಂಬುದನ್ನು ಊಹಿಸಬಹುದು. ಒಮ್ಮೆ ಒಪ್ಪಿಗೆಯಾದ ಪೊಟರೆಯನ್ನು ಜೋಡಿಯು ವರ್ಷವರ್ಷವೂ ಉಪಯೋಗಿಸುವುದು.

ಹೆಣ್ಣು ಒಳಹೊಕ್ಕು ತನ್ನ ಹಿಕ್ಕೆ, ಹಣ್ಣಿನ ತಿರುಳು, ಮರದ ಪುಡಿ ಇವನ್ನು ಕಲಸಿ, ಕೊಕ್ಕಿನ ಪಕ್ಕವನ್ನು ಗಾರೆಯವನ ಕರಣಿಯಂತೆ ಬಳಸಿ, ಪೊಟರೆಯ ಬಾಯನ್ನು ಒಳಗಿನಿಂದ ಮುಚ್ಚುತ್ತದೆ. ಒಣಗಿದ ಮೇಲೆ ಈ ಗೋಡೆ ಬಹಳ ಗಟ್ಟಿಯಾಗುವುದು. ಗಂಡಿನ ಕೊಕ್ಕಿನ ತುದಿ ತೂರುವಷ್ಟು ಅಗಲದ, ಲಂಬವಾದ ಒಂದು ಸೀಳು ಮಾತ್ರ ಉಳಿಯುವುದು. ಗಂಡೇ ಹೆಣ್ಣನ್ನು ಸೆರೆಯಿಡುವುದೆಂದು ಜನರಲ್ಲಿ ಕೇಳಿಬರುವ ಮಾತು ಸರಿಯಲ್ಲ. ಈ ಸೆರೆ ಹೆಣ್ಣು ತಾನಾಗಿ ಕಟ್ಟಿಕೊಂಡ ಕೋಟೆ. ಹಾವು, ಕಬ್ಬೆಕ್ಕು, ಹಾಗೂ ಪೊಟರೆಗಾಗಿ ಕಾದಾಡುವ ಇತರ ಮಂಗಟ್ಟೆಗಳಿಂದ ಇದು ರಕ್ಷಣೆ ಕೊಡುವುದೆಂದು ಭಾವಿಸಲಾಗಿದೆ.

ಹೆಣ್ಣು ಒಂದು ಅಥವಾ ಎರಡು ಬಿಳಿಯ ಮೊಟ್ಟೆಗಳನ್ನಿಟ್ಟು 38ರಿಂದ 40 ದಿನಗಳವರೆಗೆ ಕಾವು ಕೊಡುವುದು. ಮರಿಯು ಗರಿಯಿಲ್ಲದೆ ಹುಟ್ಟುತ್ತದೆ. ಮಂಗಟ್ಟೆಯ ಹಲವು ಪ್ರಭೇದಗಳಲ್ಲಿ ಈ ಸೆರೆವಾಸದ ಕಾಲದಲ್ಲಿಯೇ ಹೆಣ್ಣು ಹಾರುಗರಿಗಳನ್ನು ಉದುರಿಸಿ ಹೊಸದನ್ನು ಪಡೆಯುವುದರಿಂದ, ಗೋಡೆಯೊಡೆದರೂ ಅದು ಹಾರಲಾರದು. ಗಂಡಿನ ಹೊಣೆ ಆಗ ಲಘುವಾದುದಲ್ಲ. ಅದು ದಿನವೂ ಅನೇಕ ಸಲ ಕಾಡನ್ನು ಸುತ್ತಿ, ಹಣ್ಣುಗಳನ್ನು ಗಂಟಲ ಚೀಲದಲ್ಲಿ ತುಂಬಿಕೊಂಡು ಬಂದು, ಕಾಂಡಕ್ಕೆ ಜೋತುನಿಂತು, ಒಂದೊಂದನ್ನೇ ಹೊರತೆಗೆದು ಸೀಳಿನೊಳಗೆ ಚಾಚುವುದು. ಮರಿ ಹುಟ್ಟಿದ ಮೇಲೆ ಹಣ್ಣಿನೊಡನೆ ಜೀವಜಂತುಗಳನ್ನೂ ತರುವುದು. ಈ ತಿಂಗಳುಗಳಲ್ಲಿ ಗಂಡು ಬೇಟೆಗೆ ಬಲಿಯಾದರೆ ಒಳಗಿರುವ ಹೆಣ್ಣಿನ ಮತ್ತು ಮರಿಯ ಜೀವವೂ ಅಪಾಯಕ್ಕೆ ಸಿಲುಕುವುದು. ಗೂಡನ್ನು ಚೊಕ್ಕಟವಾಗಿಡುವುದರಲ್ಲಿ ಹೆಣ್ಣು ನಿಪುಣ: ಹಿಕ್ಕೆಯನ್ನು ಸೀಳಿನ ಮೂಲಕ ರಭಸದಿಂದ ಹೊರಕ್ಕೆ ಸಿಡಿಸುವುದು.

ಮರಿ ಅರ್ಧಕ್ಕೆ ಬೆಳೆದ ಮೇಲೆ ತಾಯಿಯು ಗೋಡೆಯನ್ನು ಒಡೆದು ಹೊರಬಂದು ಗಂಡಿನೊಡನೆ ಆಹಾರ ತರಲು ತೊಡಗುತ್ತದೆ. ಒಳಗಿರುವ ಮರಿಯೇ ಬಾಯನ್ನು ಮತ್ತೆ ಮುಚ್ಚಿಕೊಳ್ಳುವುದು. ಹೆಣ್ಣು ಒಳಹೊಕ್ಕಂದಿನಿಂದ ಮರಿ ಹಾರುವವರೆಗೆ ಸುಮಾರು ನಾಲ್ಕು ತಿಂಗಳು ಹಿಡಿಯುತ್ತದೆ. ಸಾಮಾನ್ಯವಾಗಿ ಹೊರಬರುವುದು ಒಂದೇ ಮರಿ. ಆನೆಮಲೆ ಬೆಟ್ಟಗಳಲ್ಲಿ 1990ರ ದಶಕದಲ್ಲಿ ಆರ್. ಕಣ್ಣನ್ ಅವರು ನಡೆಸಿದ ಅಧ್ಯಯನವು ದಕ್ಷಿಣ ಭಾರತದಲ್ಲಿ ಈ ಪಕ್ಷಿಯ ಗೂಡಿನ ಜೀವನವನ್ನು ಕ್ರಮವಾಗಿ ತಿಳಿಸಿದ ಮುಖ್ಯ ಸಂಶೋಧನೆಗಳಲ್ಲೊಂದು.

ಸಂಬಂಧಿ ಪ್ರಭೇದಗಳು

ಭಾರತದಲ್ಲಿ ಒಂಬತ್ತು ಪ್ರಭೇದದ ಮಂಗಟ್ಟೆಗಳಿವೆ. ಅವುಗಳಲ್ಲಿ ಕರ್ನಾಟಕದಲ್ಲಿ ಕಾಣುವುವು ನಾಲ್ಕು. ದೊಡ್ಡ ಮಂಗಟ್ಟೆಯಲ್ಲದೆ, ಕಪ್ಪುಬಿಳುಪಿನ ಮೈಯ ಮಲಬಾರ್ ಕಪ್ಪುಬಿಳಿ ಮಂಗಟ್ಟೆ; ಶಿರಸ್ತ್ರಾಣವಿಲ್ಲದ, ಪಶ್ಚಿಮಘಟ್ಟದ ಹೊರಗೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ; ಬಯಲುಸೀಮೆಯ ಆಲದ ಸಾಲುಗಳಲ್ಲಿಯೂ ಬದುಕಬಲ್ಲ ಸಾಮಾನ್ಯ ಬೂದು ಮಂಗಟ್ಟೆ—ಇವು ಉಳಿದ ಮೂರು. ಅಂಡಮಾನಿನ ಪೂರ್ವಕ್ಕಿರುವ ಸುಮಾರು ಏಳು ಚದರ ಕಿಲೋಮೀಟರುಗಳ ನಾರ್ಕೊಂಡಮ್ ದ್ವೀಪವೊಂದರಲ್ಲಿಯೇ ವಾಸಿಸುವ ನಾರ್ಕೊಂಡಮ್ ಮಂಗಟ್ಟೆಯು ವ್ಯಾಪ್ತಿಯಲ್ಲಿ ಅತಿ ಸಂಕುಚಿತವಾದುದು. ಮಲಯ, ಸುಮಾತ್ರ, ಬೋರ್ನಿಯೊಗಳ ಖಡ್ಗಮೃಗ ಮಂಗಟ್ಟೆಯು ದೊಡ್ಡ ಮಂಗಟ್ಟೆಯ ಸಮೀಪದ ಬಂಧು.

ಮನುಷ್ಯನೊಡನೆ ಸಂಬಂಧ

ಕೇರಳ ಮತ್ತು ಅರುಣಾಚಲ ಪ್ರದೇಶಗಳೆರಡಕ್ಕೂ ದೊಡ್ಡ ಮಂಗಟ್ಟೆಯೇ ರಾಜ್ಯಪಕ್ಷಿ. ಸಂಸ್ಕೃತ ಕಾವ್ಯದ ಚಾತಕದಂತೆ, ಮಲಯಾಳ ಸಾಹಿತ್ಯದಲ್ಲಿ ವೇಳಾಂಬಲ್ ಮಳೆಗಾಗಿ ಬಾಯ್ದೆರೆದು ಕಾಯುವ ಹಕ್ಕಿ. ಅರುಣಾಚಲದ ನಿಶಿ ಜನಾಂಗದ ಗಂಡಸರು ಬೆತ್ತದ ಟೊಪ್ಪಿಗೆಯ ಮೇಲೆ ಇದರ ಕೊಕ್ಕನ್ನು ಧರಿಸುವ ಸಂಪ್ರದಾಯವುಳ್ಳವರು. ನಾಗಾ ಜನಾಂಗಗಳವರಿಗೆ ಬಾಲದ ಗರಿ ತಲೆಯ ಆಭರಣ. ನಾಗಾಲ್ಯಾಂಡಿನಲ್ಲಿ 2000ದಿಂದ ಡಿಸೆಂಬರಿನಲ್ಲಿ ನಡೆಯುತ್ತಿರುವ ಉತ್ಸವಕ್ಕೆ ಮಂಗಟ್ಟೆಯ ಹೆಸರನ್ನೇ ಇಡಲಾಗಿದೆ. ಮಾಂಸಕ್ಕಾಗಿಯೂ, ಔಷಧವೆಂದು ನಂಬಲಾದ ಕೊಬ್ಬಿಗಾಗಿಯೂ ಇದನ್ನು ಬೇಟೆಯಾಡುತ್ತ ಬಂದಿದ್ದಾರೆ.

ಭಾರತದ ಪಕ್ಷಿಶಾಸ್ತ್ರದ ಇತಿಹಾಸದಲ್ಲಿ ಕನ್ನಡ ಕರಾವಳಿಯಿಂದ ಹೋದ ಒಂದು ದೊಡ್ಡ ಮಂಗಟ್ಟೆಗೆ ಸ್ಥಾನವಿದೆ. 1894ರಲ್ಲಿ ಕಾರವಾರದಿಂದ ಮರಿಯಾಗಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಸ್ಥೆಗೆ ಕಾಣಿಕೆಯಾಗಿ ಬಂದ ಈ ಹಕ್ಕಿಯು ‘ವಿಲಿಯಂ’ ಎಂಬ ಹೆಸರಿನಿಂದ ಸಂಸ್ಥೆಯ ಕಚೇರಿಯಲ್ಲಿಯೇ 1920ರವರೆಗೆ ಬಾಳಿತು. ಸಂಸ್ಥೆಯ ಲಾಂಛನದಲ್ಲಿರುವುದು ಮಂಗಟ್ಟೆ. ಅದರ ಈಗಿನ ಕಟ್ಟಡದ ಹೆಸರು ಹಾರ್ನ್‌ಬಿಲ್ ಹೌಸ್.

ಇಂದಿನ ಸ್ಥಿತಿ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2018ರಲ್ಲಿ ಈ ಪಕ್ಷಿಯನ್ನು ‘ಅಪಾಯಕ್ಕೊಳಗಾಗಬಲ್ಲ’ ಪ್ರಭೇದಗಳ ವರ್ಗಕ್ಕೆ ಸೇರಿಸಿತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿಯೂ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಪಟ್ಟಿಯಲ್ಲಿಯೂ ಇದು ಸೇರಿದೆ. ವರ್ಷಕ್ಕೆ ಒಂದು ಮರಿಯನ್ನು ಮಾತ್ರ ಬೆಳೆಸುವ ಹಕ್ಕಿಯು ಬೇಟೆಯ ನಷ್ಟವನ್ನು ಬೇಗ ತುಂಬಿಕೊಳ್ಳಲಾರದು. ಮರಗಡಿತವು ಬೇಟೆಗಿಂತ ಆಳವಾದ ಕೇಡನ್ನು ಮಾಡಿದೆ. ಏಕೆಂದರೆ ಕಡಿಯುವವನಿಗೆ ಬೇಕಾಗುವ ದೊಡ್ಡ ಮರವೇ ಹಕ್ಕಿಗೂ ಬೇಕಾದದ್ದು.

ಸಂರಕ್ಷಣೆಯ ಕಾರ್ಯದಲ್ಲಿ ಮೊದಲ ಮಾದರಿ ಥಾಯ್ಲೆಂಡಿನದು. ಅಲ್ಲಿಯ ವಿದ್ವಾಂಸೆ ಪಿಲಾಯ್ ಪೂನ್‌ಸ್ವಾಡ್ ಅವರು 1978ರಿಂದ ಖಾವೊ ಯಾಯ್ ಅರಣ್ಯದಲ್ಲಿ ಅಧ್ಯಯನ ನಡೆಸಿದುದಲ್ಲದೆ, ದಕ್ಷಿಣದ ಬೂಡೊ ಬೆಟ್ಟಗಳಲ್ಲಿ ಹಿಂದೆ ಮರಿಗಳನ್ನು ಕದ್ದು ಮಾರುತ್ತಿದ್ದ ಹಳ್ಳಿಗರನ್ನೇ ಗೂಡಿನ ಕಾವಲುಗಾರರನ್ನಾಗಿ ಮಾಡಿದರು. ಅರುಣಾಚಲದ ಪಕ್ಕೆ ಅರಣ್ಯದ ಅಂಚಿನಲ್ಲಿ 2011ರಲ್ಲಿ ಆರಂಭವಾದ ಗೂಡು ದತ್ತು ಯೋಜನೆಯಲ್ಲಿ ದೂರದ ಪಟ್ಟಣಿಗರು ಹಣವನ್ನೂ, ನಿಶಿ ಹಳ್ಳಿಗರು ಕಾವಲನ್ನೂ ಒದಗಿಸುತ್ತಾರೆ. ಟೊಪ್ಪಿಗೆಗೆ ಗಾಜುನಾರಿನಿಂದ ಮಾಡಿದ ಕೃತಕ ಕೊಕ್ಕುಗಳೂ ಬಳಕೆಗೆ ಬಂದಿವೆ. ಕೇರಳದ ವಾಳಚ್ಚಾಲ್ ಕಾಡಿನಲ್ಲಿ ಕಾಡರ್ ಜನಾಂಗದವರು ಗೂಡುಗಳನ್ನು ಕಾಯುತ್ತಾರೆ.

ಕರ್ನಾಟಕದಲ್ಲಿ ಕಾಳಿ ನದಿಯ ತೀರದ ದಾಂಡೇಲಿ ಸೀಮೆಯಲ್ಲಿ 2011ರಲ್ಲಿ ಮಂಗಟ್ಟೆಗಳ ಹೆಸರಿನಲ್ಲಿಯೇ ಒಂದು ಸಂರಕ್ಷಣಾ ಮೀಸಲನ್ನು ಘೋಷಿಸಲಾಯಿತು; ನಾಡಿನ ನಾಲ್ಕು ಪ್ರಭೇದಗಳೂ ಈ ಸೀಮೆಯಲ್ಲಿ ಕಾಣಸಿಗುತ್ತವೆ. ರಕ್ಷಿತಾರಣ್ಯಗಳ ಹೊರಗೆ ಹಕ್ಕಿಯ ಉಳಿವು ಬಹಳಮಟ್ಟಿಗೆ ಕಾಫಿ ತೋಟಗಳನ್ನು ಅವಲಂಬಿಸಿದೆ. ಕಾಡುಮರಗಳನ್ನೇ ನೆರಳಿಗೆ ಉಳಿಸಿಕೊಂಡ ತೋಟಗಳಲ್ಲಿ ದೊಡ್ಡ ಮಂಗಟ್ಟೆಯು ಅತ್ತಿ ಗೋಳಿಗಳನ್ನು ಹುಡುಕಿಕೊಂಡು ಬರುತ್ತದೆ. ಆ ಮರಗಳನ್ನು ತೆಗೆದು ಬೇಗ ಬೆಳೆಯುವ ಸಿಲ್ವರ್ ಓಕನ್ನು ನೆಟ್ಟ ತೋಟಗಳಲ್ಲಿ ಅದಕ್ಕೆ ತಿನ್ನಲು ಹಣ್ಣೂ ಇಲ್ಲ, ಗೂಡಿಗೆ ಪೊಟರೆಯೂ ಇಲ್ಲ.